ಕೇಳಿದ್ದಕ್ಕೆಲ್ಲ ‘ಹೌದು’ ಎನ್ನುವ ಹುಡುಗನ ಮೇಲೆ ಅಡಿಕೆ ಕಳವಿನ ಕೇಸು: ತಪ್ಪೊಪ್ಪಿಕೊಂಡು ಮುಗಿಸಬಹುದೇ?

ಹೊಳೆಯಾಚೆ ಮನೆ

ಮಲೆನಾಡಿನ ಬಳಗಕ್ಕೆ ನಮಸ್ಕಾರ. ಕಾನೂನು ತಿಳಿದವರು, ಇಂಥದ್ದನ್ನು ಮನೆಯಲ್ಲಿ ಅನುಭವಿಸಿದವರು ದಯವಿಟ್ಟು ಉತ್ತರಿಸಿ.

ನಮ್ಮ ಚಿಕ್ಕಪ್ಪನ ಮಗನಿಗೆ ಈಗ ಇಪ್ಪತ್ತೇಳು ವರ್ಷ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟ. ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಕ್ಯಾನು ಎತ್ತಿಕೊಡುತ್ತಾನೆ, ಕೊಯ್ಲಿನ ಕಾಲದಲ್ಲಿ ಯಾರು ಕರೆದರೂ ಹೋಗಿ ಅಡಿಕೆ ಕೊನೆ ಹೊರುತ್ತಾನೆ. ಕೂಲಿ ಎಷ್ಟೆಂದು ಅವನಿಗೆ ಗೊತ್ತಾಗುವುದಿಲ್ಲ. ಐನೂರರ ಒಂದು ನೋಟು ಕೊಟ್ಟರೆ ಮುಖ ಸಣ್ಣದು ಮಾಡುತ್ತಾನೆ, ಹತ್ತರ ಐದು ನೋಟು ಕೊಟ್ಟರೆ ಕುಣಿಯುತ್ತಾನೆ.

ಪಕ್ಕದೂರಿನ ಒಬ್ಬರ ಅಡಿಕೆ ಮನೆಯ ಬೀಗ ಒಡೆದು ಒಣ ಅಡಿಕೆಯ ಚೀಲಗಳನ್ನು ಸಾಗಿಸಿದ್ದಾರೆ. ಮಾಡಿದವರು ಇಬ್ಬರು, ಇಬ್ಬರೂ ಊರು ಬಿಟ್ಟಿದ್ದಾರೆ. ಚೀಲ ಹೊತ್ತು ಗಾಡಿಗೆ ಹಾಕಿದ್ದು ನಮ್ಮ ಹುಡುಗ. ನಾನು ಕೇಳಿದಾಗ, “ಚೀಲ ಹೊರು ಅಂದರು, ಹೊತ್ತೆ, ಆಮೇಲೆ ಪರೋಟ ಕೊಡಿಸಿದರು” ಎಂದ. ಅವನ ಮಟ್ಟಿಗೆ ಕಥೆ ಅಷ್ಟೇ. ಠಾಣೆಯಲ್ಲಿ ಬರೆದ ಹೇಳಿಕೆ ಮಾತ್ರ ಎರಡು ಪುಟ ಇದೆ: “ಸದರಿ ಮಾಲನ್ನು ಮಾರಿ ಬಂದ ಹಣದಲ್ಲಿ ಸುಲಭವಾಗಿ ಜೀವನ ನಡೆಸುವ ದುರುದ್ದೇಶದಿಂದ” ಇತ್ಯಾದಿ. ಕೆಳಗೆ ಅವನ ಹೆಬ್ಬೆಟ್ಟು.

ಈಗ ಸೋಗಾನೆಯ ಜೈಲಿನಲ್ಲಿದ್ದಾನೆ. ಊರಿನ ಹಿರಿಯರೊಬ್ಬರು, “ನ್ಯಾಯಾಧೀಶರ ಮುಂದೆ ತಪ್ಪಾಯಿತು ಅನ್ನಲಿ, ದಂಡ ಕಟ್ಟಿ ಕರೆದುಕೊಂಡು ಬನ್ನಿ, ವರ್ಷಗಟ್ಟಲೆ ಅಲೆಯುವುದು ಯಾರಿಗೆ ಬೇಕು” ಎನ್ನುತ್ತಿದ್ದಾರೆ. ಚಿಕ್ಕಪ್ಪನೂ ಅದಕ್ಕೇ ಒಲಿದಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡುವುದು?

ಸಾಗರ ಕಡೆಯ ವಕೀಲೆ

ದಯವಿಟ್ಟು ತಪ್ಪೊಪ್ಪಿಗೆಯ ದಾರಿ ಹಿಡಿಯಬೇಡಿ.

ದಂಡ ಕಟ್ಟಿ ಮನೆಗೆ ಬರುವ ಕೇಸಲ್ಲ ಇದು. ಸ್ವತ್ತು ಇಡುವ ಕಟ್ಟಡದಿಂದ ಕಳವು ಎಂದರೆ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಂ, ಏಳು ವರ್ಷದವರೆಗೆ ಶಿಕ್ಷೆ. ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯ ಶಿಕ್ಷೆ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮಾಲಿನ ಸಾದಾ ಕಳವಿಗೆ, ಮೊದಲ ಸಲ ಸಿಕ್ಕಿಬಿದ್ದು ಮಾಲು ಹಿಂತಿರುಗಿಸಿದವರಿಗೆ. ಅಡಿಕೆಯ ಒಂದು ಚೀಲವೇ ಆ ಮಿತಿ ದಾಟುತ್ತದೆ.

ಇನ್ನೊಂದು ಅಪಾಯ ಊರಿನ ಹಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 264ರ ಪ್ರಕಾರ ಆರೋಪಿ ತಪ್ಪೊಪ್ಪಿಕೊಂಡರೆ ಮ್ಯಾಜಿಸ್ಟ್ರೇಟರು ಅದನ್ನು ದಾಖಲಿಸಿ ಅಲ್ಲಿಯೇ ಅಪರಾಧಿ ಎಂದು ತೀರ್ಮಾನಿಸಬಹುದು. ಆಮೇಲೆ ಮೇಲ್ಮನವಿ ಹಾಕುತ್ತೇವೆಂದರೆ 416 ಅಡ್ಡ ಬರುತ್ತದೆ. ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನುಬದ್ಧವಲ್ಲ ಎಂದಷ್ಟೇ ವಾದಿಸಬಹುದು, ‘ಅವನು ಮಾಡಿಲ್ಲ, ಅವನಿಗೆ ತಿಳಿಯಲಿಲ್ಲ’ ಎಂಬ ಬಾಗಿಲು ಮುಚ್ಚಿರುತ್ತದೆ.

ಆ ಎರಡು ಪುಟದ ಹೇಳಿಕೆಗೆ ಹೆದರಬೇಡಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಮೊದಲು ಸಾಕ್ಷ್ಯ ಕಾಯ್ದೆಯ 25ರಲ್ಲಿದ್ದುದು ಈಗ ಸಾಕ್ಷ್ಯ ಅಧಿನಿಯಮದ 23ರಲ್ಲಿದೆ. ಆ ಹೇಳಿಕೆಯಿಂದ ಏನಾದರೂ ಪತ್ತೆಯಾಗಿದ್ದರೆ ಅಷ್ಟು ತುಣುಕು ಮಾತ್ರ ಉಳಿಯುತ್ತದೆ. ಆದ್ದರಿಂದ ಮೊದಲು ತಿಳಿಸಿ: ಅವನು ತೋರಿಸಿದ ಜಾಗದಿಂದ ಚೀಲ ಜಪ್ತಿಯಾಗಿದೆ ಎಂದು ಮಹಜರಿನಲ್ಲಿ ಬರೆದಿದ್ದಾರೆಯೇ?

ಹೊಳೆಯಾಚೆ ಮನೆ

ಮೇಡಂ, ಒಂದು ಚೀಲ ಹಳ್ಳದ ಮೋರಿಯ ಕೆಳಗೆ ಸಿಕ್ಕಿತೆಂದು ಬರೆದಿದ್ದಾರೆ. ಮಹಜರಿಗೆ ಸಾಕ್ಷಿ ಹಾಕಿದ ಪಂಚರಲ್ಲಿ ಒಬ್ಬರು ನಮ್ಮ ಪರಿಚಯದವರೇ. ಚೀಲ ಮೊದಲೇ ರಸ್ತೆಯ ಮೇಲಿತ್ತು, ಹುಡುಗ ಜೀಪಿನಿಂದ ಇಳಿಯಲೇ ಇಲ್ಲ ಎನ್ನುತ್ತಾರೆ. ಕೋರ್ಟಿನಲ್ಲಿ ಹೇಳುತ್ತಾರೋ ಇಲ್ಲವೋ, ದೇವರಿಗೇ ಗೊತ್ತು.

ಕರಿಮೆಣಸು

ಎಲ್ಲರೂ ಬೈಯುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮ ಅಟ್ಟದಿಂದ ಹೋದ ಅಡಿಕೆ ಇವತ್ತಿಗೂ ಸಿಕ್ಕಿಲ್ಲ. ವರ್ಷವಿಡೀ ಕೊಳೆರೋಗಕ್ಕೆ ಬೋರ್ಡೋ ಹೊಡೆದು, ಕೊನೆ ಇಳಿಸಿ, ಸುಲಿಸಿ, ಒಣಗಿಸಿ ಚೀಲ ತುಂಬಿದ ಮೇಲೆ ಒಂದು ರಾತ್ರಿಯಲ್ಲಿ ಅಟ್ಟ ಖಾಲಿಯಾದರೆ ಆಗುವ ಸಂಕಟ ಕಳೆದುಕೊಂಡವನಿಗೇ ಗೊತ್ತು. ಸಿಕ್ಕಿಬಿದ್ದವನೆಲ್ಲ ‘ತಲೆ ಸರಿಯಿಲ್ಲ’ ಎಂದು ಚೀಟಿ ತರಲು ಶುರುಮಾಡಿದರೆ ನಮ್ಮ ಗತಿ ಏನು? ವೈನ್ ಶಾಪಿನ ಮುಂದೆ ಚಿಲ್ಲರೆ ಲೆಕ್ಕ ಸರಿಯಾಗಿ ಮಾಡುವವನು ಕಟಕಟೆಯಲ್ಲಿ ನಿಂತ ಕೂಡಲೇ ಮರುಳನಾಗುವುದನ್ನು ನಾನು ನೋಡಿದ್ದೇನೆ.

ಸಾಗರ ಕಡೆಯ ವಕೀಲೆ

ಕರಿಮೆಣಸು ಅವರೇ, ಬೈಯುವುದಿಲ್ಲ. ಆದರೆ ಚೀಟಿ ತಂದರೆ ಬಿಡುಗಡೆ ಎಂಬುದು ಕಟ್ಟುಕತೆ.

ನ್ಯಾಯ ಸಂಹಿತೆಯ 22, ಅಂದರೆ ಹಳೆಯ ಐಪಿಸಿ 84, ಕಾಯಿಲೆ ಇದೆಯೇ ಎಂದು ಕೇಳುವುದಿಲ್ಲ. ಕೃತ್ಯ ನಡೆದ ಆ ಹೊತ್ತಿನಲ್ಲಿ, ಚಿತ್ತಸ್ವಾಸ್ಥ್ಯ ಇಲ್ಲದ ಕಾರಣಕ್ಕೆ, ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು, ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿ ಅವನಿಗೆ ಇರಲಿಲ್ಲವೇ ಎಂದು ಕೇಳುತ್ತದೆ. ಅದನ್ನು ತೋರಿಸುವ ಹೊರೆ ಆರೋಪಿಯ ಮೇಲೆಯೇ. ಸ್ಕಿಜೋಫ್ರೇನಿಯಾ ಇದೆ ಎಂದು ದಾಖಲೆ ಇಟ್ಟೂ ಶಿಕ್ಷೆಯಾದ ಕೇಸುಗಳು ಬೇಕಾದಷ್ಟಿವೆ. ಕೃತ್ಯದ ನಂತರ ಓಡಿಹೋದ, ಕತ್ತಿ ತೊಳೆದ, ಬಟ್ಟೆ ಬಚ್ಚಿಟ್ಟ ಎಂದರೆ ‘ತಪ್ಪೆಂದು ಗೊತ್ತಿತ್ತು’ ಎಂದೇ ಅರ್ಥ ಮಾಡುತ್ತಾರೆ. ಹೊರೆ ಬೆಟ್ಟದಷ್ಟು ಅಲ್ಲ ಎಂಬುದೂ ನಿಜ. 1964ರ ದಹ್ಯಾಭಾಯಿ ಠಕ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಸಂಭವನೀಯತೆ ಆರೋಪಿಯ ಕಡೆ ವಾಲಿದರೆ ಸಾಕು, ಪ್ರಾಸಿಕ್ಯೂಷನ್ನಿನ ಹಾಗೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ.

ತಾನಾಗಿಯೇ ಕುಡಿದವನಿಗೆ ಈ ರಕ್ಷಣೆ ಇಲ್ಲವೇ ಇಲ್ಲ. ನಿಮ್ಮ ವೈನ್ ಶಾಪಿನ ಗಿರಾಕಿ ಇದರೊಳಗೆ ಬರುವುದಿಲ್ಲ.

ತುಂಗೆಯ ದಡದವಳು

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಕರಿಮೆಣಸಣ್ಣ ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಮಾತ್ರೆ ತೆಗೆದುಕೊಂಡಾಗ ನನಗಿಂತ ಚೆನ್ನಾಗಿ ಲೆಕ್ಕಪತ್ರ ಬರೆಯುತ್ತಾನೆ. ಬಿಟ್ಟಾಗ ಬೇರೆ ಮನುಷ್ಯ. ಒಂದು ಬೇಸಿಗೆಯಲ್ಲಿ ನೆರೆಮನೆಯವರ ಹುಲ್ಲಿನ ಬಣವೆಗೆ ಬೆಂಕಿ ಕೊಟ್ಟ. ಕೊಟ್ಟು ಓಡಲಿಲ್ಲ. ಜನ ಬಿಂದಿಗೆ ಹಿಡಿದು ಬರುವಾಗ ಅಲ್ಲೇ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ. “ಒಳಗಿದ್ದವರು ಹೊರಗೆ ಬಂದರಾ?” ಎಂದು ಎಲ್ಲರನ್ನೂ ಕೇಳುತ್ತಿದ್ದ. ಬಣವೆಯೊಳಗೆ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಿದ್ದರು, ಅವರನ್ನು ಬಿಡಿಸಬೇಕಿತ್ತು ಎಂಬುದು ಅವನ ತಲೆಯಲ್ಲಿ ಇದ್ದದ್ದು.

ನಮ್ಮ ವಕೀಲರು ಹಿಡಿದದ್ದು ಆ ಚಪ್ಪಲಿಯನ್ನು ಮತ್ತು ಆ ಪ್ರಶ್ನೆಯನ್ನು. ಫಿರ್ಯಾದಿಯನ್ನೇ ಪಾಟೀಸವಾಲಿನಲ್ಲಿ ಕೇಳಿದರು: “ನೀವು ಹೋದಾಗ ಆರೋಪಿ ಎಲ್ಲಿದ್ದ? ಕಾಲಿನಲ್ಲಿ ಚಪ್ಪಲಿ ಇತ್ತೇ? ನಿಮ್ಮನ್ನು ಏನು ಕೇಳಿದ?” ನೆರೆಮನೆಯವರು ಸತ್ಯವಂತರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜೊತೆಗೆ ಅಮ್ಮ ಟ್ರಂಕಿನಲ್ಲಿ ಇಟ್ಟಿದ್ದ ಓಪಿಡಿ ಚೀಟಿಗಳು. ಬೆಂಕಿಗೆ ಸ್ವಲ್ಪ ಮೊದಲಿನ ಚೀಟಿಯಲ್ಲಿ ವೈದ್ಯರು ‘ಮಾತ್ರೆ ನಿಲ್ಲಿಸಿದ್ದಾರೆ, ಧ್ವನಿಗಳು ಕೇಳಿಸುತ್ತಿವೆ’ ಎಂದು ಕೈಬರಹದಲ್ಲಿ ಬರೆದಿದ್ದರು. ಇನ್ನುಳಿದ ಹತ್ತಾರು ಕಾಗದಗಳಿಗಿಂತ ಆ ಎರಡು ಸಾಲು ಹೆಚ್ಚು ಕೆಲಸ ಮಾಡಿದವು.

ಇದೇ ತರಹದ್ದು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ ಎಂದು ಆಗ ತಿಳಿಯಿತು. ಮಧ್ಯಪ್ರದೇಶದ ರತನ್‌ಲಾಲ್ ಎಂಬಾತ 1965ರಲ್ಲಿ ಇನ್ನೊಬ್ಬರ ಕಣದ ಹುಲ್ಲಿಗೆ ಬೆಂಕಿ ಇಟ್ಟು, ಕೇಳಿದವರಿಗೆ, ‘ನಾನೇ ಸುಟ್ಟೆ, ಏನು ಬೇಕಾದರೂ ಮಾಡಿಕೊಳ್ಳಿ’ ಎಂದಿದ್ದನಂತೆ. 1970ರಲ್ಲಿ ಖುಲಾಸೆಯಾಯಿತು.

ಕರಿಮೆಣಸು

ಅಕ್ಕ, ನಿಮ್ಮ ತಮ್ಮನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಬಣವೆ ಕಳೆದುಕೊಂಡವರಿಗೆ ಏನಾಯಿತು?

ತುಂಗೆಯ ದಡದವಳು

ಮುಂದಿನ ಸುಗ್ಗಿಯಲ್ಲಿ ನಮ್ಮ ಗದ್ದೆಯ ಹುಲ್ಲು ಪೂರ್ತಿ ಅವರ ಮನೆಗೆ ಹಾಕಿಸಿದೆವು. ಕೋರ್ಟು ಹೇಳಿದ್ದಲ್ಲ, ಅಪ್ಪ ಮಾಡಿದ್ದು. ಅವರ ಆಕಳು ನಮ್ಮ ಕೇಸು ಮುಗಿಯುವವರೆಗೆ ಕಾಯುವುದಿಲ್ಲವಲ್ಲ.

ಸೊರಬದ ಹುಡುಗ

ಹಾಗಾದರೆ ಮೂಲ ಪ್ರಶ್ನೆಯ ಹುಡುಗನಿಗೂ ಮಾನಸಿಕ ಕಾಯಿಲೆ ಎಂದು ಒಂದು ಸರ್ಟಿಫಿಕೇಟ್ ಮಾಡಿಸಿಬಿಡಬಹುದಲ್ಲ? ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ತುಂಬಾ ಹಕ್ಕುಗಳಿವೆ ಎಂದು ಓದಿದ್ದೆ. ಅಥವಾ ಅವನ ಬುದ್ಧಿಯ ವಯಸ್ಸು ಏಳೋ ಎಂಟೋ ಎಂದು ಬಾಲನ್ಯಾಯ ಮಂಡಳಿಗೆ ಕಳಿಸಲು ಬರುವುದಿಲ್ಲವೇ?

ವಾರ್ಡಿನ ಅಕ್ಕ

ಎರಡೂ ಆಗುವುದಿಲ್ಲ ತಮ್ಮಾ. ನಾನು ಮನೋರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು. ಇಲ್ಲದ ಕಾಯಿಲೆಗೆ ಕಾಗದ ಮಾಡಿಸಿದರೆ ಇರುವ ನ್ಯೂನತೆಯನ್ನೂ ಯಾರೂ ನಂಬುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೌದ್ಧಿಕ ನ್ಯೂನತೆಯನ್ನು ತನ್ನ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಈ ಹುಡುಗನಿಗೆ ಅನ್ವಯಿಸುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 12ನೆಯ ಕಲಮಿನಲ್ಲಿ ನ್ಯಾಯ ಪಡೆಯುವ ಹಕ್ಕು ಇದೆ. ಬುದ್ಧಿಯ ವಯಸ್ಸಿನ ಲೆಕ್ಕ ನಡೆಯುವುದಿಲ್ಲ ಎಂಬುದನ್ನು ವಕೀಲರು ಹೇಳಲಿ.

ನಾನು ಹೇಳಬೇಕಾದ್ದು ಬೇರೆ. ಇಂಥ ಮಕ್ಕಳು (ಇಪ್ಪತ್ತೇಳಾದರೂ ನನ್ನ ಬಾಯಲ್ಲಿ ಮಕ್ಕಳೇ) ‘ಹೌದು’ ಎಂದು ಹೇಳಿಯೇ ಬದುಕಿದವರು. ಚಿಕ್ಕಂದಿನಿಂದ ‘ತಿಳಿಯಲಿಲ್ಲ’ ಎಂದಾಗೆಲ್ಲ ಪೆಟ್ಟೋ ನಗೆಯೋ ಸಿಕ್ಕಿದೆ, ‘ಹೌದು’ ಎಂದಾಗ ಪಾರಾಗಿದ್ದಾರೆ. ವಾರ್ಡಿನಲ್ಲಿ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ತೋರಿಸಲು ಒಬ್ಬನ ಹತ್ತಿರ ನಾನು ಹೀಗೆ ಕೇಳುತ್ತಿದ್ದೆ:

“ಊಟ ಮಾಡಿದೆಯಾ?” “ಹೌದು.”
“ನಿನ್ನೆ ಬೆಂಗಳೂರಿಗೆ ಹೋಗಿದ್ದೆಯಾ?” “ಹೌದು.”
“ವಿಮಾನದಲ್ಲಿ?” “ಹೌದು.”
“ವಿಮಾನ ನೀನೇ ಓಡಿಸಿದೆಯಾ?” ಸ್ವಲ್ಪ ಯೋಚಿಸಿ, ನನ್ನ ಮುಖ ನೋಡಿ, “ಹೌದು.”

ಆಮೇಲೆ “ನಿನ್ನೆ ಏನು ಮಾಡಿದೆ, ನೀನೇ ಹೇಳು” ಎಂದು ಕೇಳಿ ಬಾಯಿ ಮುಚ್ಚಿ ಕೂತರೆ, ನಿಧಾನವಾಗಿ, ದೋಸೆ ತಿಂದದ್ದು, ಟಿ.ವಿ. ಕೆಟ್ಟದ್ದು, ಎಲ್ಲ ಸರಿಯಾಗಿಯೇ ಬರುತ್ತಿತ್ತು. ವಕೀಲರು ಜೈಲಿನಲ್ಲಿ ಭೇಟಿಯಾದಾಗ ಹೀಗೆಯೇ ಕೇಳಬೇಕು. ಪರೋಟದ ಕಥೆ ಅವನು ತಾನಾಗಿ ಹೇಳಿದ್ದು ನೋಡಿ, ಅದಕ್ಕೆ ಬೆಲೆ ಇದೆ.

ಸಾಗರ ಕಡೆಯ ವಕೀಲೆ

ಅಕ್ಕ ಹೇಳಿದ್ದು ಸರಿ. 2017ರ ಈರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೋಕ್ಸೊ ಕಾಯ್ದೆಯಡಿ ವಯಸ್ಸು ಎಂದರೆ ಹುಟ್ಟಿದ ದಿನದಿಂದ ಎಣಿಸಿದ್ದು, ಬುದ್ಧಿಯ ವಯಸ್ಸಲ್ಲ ಎಂದಿದೆ. ಅದು ಸಂತ್ರಸ್ತೆಯ ವಿಷಯವಾಗಿತ್ತು, ಆದರೆ ಆರೋಪಿಯ ಪರವಾಗಿ ಆ ವಾದ ಎತ್ತಿದರೆ ಅದೇ ಎದುರಿಗೆ ಬರುತ್ತದೆ. ಕಾಯಿಲೆಯ ಸರ್ಟಿಫಿಕೇಟಿನ ಅಗತ್ಯವೂ ಇಲ್ಲ. ನ್ಯಾಯ ಸಂಹಿತೆಯ ಮೊದಲ ಕರಡಿನಲ್ಲಿ 22ನೆಯ ಕಲಂ ಮಾನಸಿಕ ಕಾಯಿಲೆಗೆ ಸೀಮಿತವಾಗಿತ್ತು. ಹಾಗೆಯೇ ಉಳಿದಿದ್ದರೆ ಈ ಹುಡುಗ ಅದರ ಹೊರಗೆ ನಿಲ್ಲಬೇಕಿತ್ತು. ಸಂಸದೀಯ ಸ್ಥಾಯಿ ಸಮಿತಿ ಆಕ್ಷೇಪಿಸಿದ ಮೇಲೆ ಹಳೆಯ ವಿಶಾಲ ಮಾತೇ ಉಳಿಯಿತು.

ಈಗ ಮುಖ್ಯ ವಿಷಯ. ಮೇಲಿನ ಚರ್ಚೆಯೆಲ್ಲ ‘ಆಗ ಅವನಿಗೆ ತಿಳಿದಿತ್ತೇ’ ಎಂಬುದರ ಸುತ್ತ ನಡೆಯಿತು. ಅದಕ್ಕಿಂತ ಮೊದಲೇ ಎತ್ತಬೇಕಾದ ಪ್ರಶ್ನೆ ‘ಈಗ ಅವನು ತನ್ನ ಕೇಸನ್ನು ತಾನು ನಡೆಸಬಲ್ಲನೇ’ ಎಂಬುದು. ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 378ರವರೆಗೆ ಇರುವುದು ಇದಕ್ಕೇ. ಆರೋಪಿಗೆ ವಿಚಾರಣೆ ಎದುರಿಸುವ ಸಾಮರ್ಥ್ಯ ಇಲ್ಲ ಎಂದು ಅನ್ನಿಸಿದರೆ ಮ್ಯಾಜಿಸ್ಟ್ರೇಟರು ಜಿಲ್ಲಾ ಶಸ್ತ್ರಚಿಕಿತ್ಸಕರಿಂದ ಪರೀಕ್ಷೆ ಮಾಡಿಸಲೇಬೇಕು, ಆ ವೈದ್ಯರನ್ನು ಸಾಕ್ಷಿಯಾಗಿ ವಿಚಾರಿಸಲೇಬೇಕು. ಸರ್ಕಾರಿ ಆಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ನೋಡುತ್ತಾರೆ. ಶಿವಮೊಗ್ಗದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ನಮ್ಮ ಪುಣ್ಯ, ಇಲ್ಲದಿದ್ದರೆ ಧಾರವಾಡಕ್ಕೋ ಬೆಂಗಳೂರಿಗೋ ಎಸ್ಕಾರ್ಟ್ ಪೊಲೀಸರು ಸಿಗುವವರೆಗೆ ಕಾಯಬೇಕಿತ್ತು.

ಮಾನಸಿಕ ಕಾಯಿಲೆಯಾದರೆ ಚಿಕಿತ್ಸೆಗೆ ಬೇಕಾದಷ್ಟು ಕಾಲ ವಿಚಾರಣೆ ಮುಂದೂಡುತ್ತಾರೆ, ಗುಣವಾದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಾರೆ. ಬೌದ್ಧಿಕ ನ್ಯೂನತೆ ಗುಣವಾಗುವಂಥದ್ದಲ್ಲ. ಅದಕ್ಕೇ ಅಂಥವನು ತನ್ನನ್ನು ತಾನು ಸಮರ್ಥಿಸಿಕೊಳ್ಳಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ವಿಚಾರಣೆ ನಡೆಸುವಂತಿಲ್ಲ, 369ರಂತೆ ಮನೆಯವರಿಗೆ ಒಪ್ಪಿಸುವ ದಾರಿ ಹಿಡಿಯಬೇಕು. ಅಪರಾಧ ಜಾಮೀನು ಕೊಡಬಹುದಾದದ್ದೋ ಅಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ. ಒಬ್ಬ ಸಂಬಂಧಿ ಅಥವಾ ಸ್ನೇಹಿತ, ‘ನಿಯಮಿತವಾಗಿ ಆಸ್ಪತ್ರೆಗೆ ತೋರಿಸಿ ಮನೋವೈದ್ಯಕೀಯ ಚಿಕಿತ್ಸೆ ಕೊಡಿಸುತ್ತೇನೆ, ಅವನಿಗಾಗಲಿ ಇತರರಿಗಾಗಲಿ ಹಾನಿಯಾಗದಂತೆ ನೋಡಿಕೊಳ್ಳುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಡಬೇಕು.

ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ವರಮಾನ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ನಿವೃತ್ತ ಶಿರಸ್ತೇದಾರ

ಮೇಡಂ ಕಾನೂನು ಹೇಳಿದರು, ನಾನು ಕೋರ್ಟ್ ಹಾಲಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ‘ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ’ ಎಂದು ಕಾನೂನು ಹೇಳುತ್ತದೆ. ಅನ್ನಿಸಬೇಕಾದರೆ ನೋಡಬೇಕಲ್ಲ. ಬೆಳಗಿನ ಹೊತ್ತು ಮೇಜಿನ ಮೇಲೆ ಕಡತಗಳ ರಾಶಿ ಇರುತ್ತದೆ. ಹೆಸರೇನು ಎಂದರೆ ಹುಡುಗ ಹೇಳುತ್ತಾನೆ. ಅಪ್ಪನ ಹೆಸರು, ಹೇಳುತ್ತಾನೆ. ಪೊಲೀಸರು ಹೊಡೆದರಾ ಎಂದರೆ ಪಕ್ಕದಲ್ಲಿ ನಿಂತ ಪೇದೆಯ ಮುಖ ನೋಡಿ ತಲೆಯಾಡಿಸುತ್ತಾನೆ. ಅಷ್ಟಕ್ಕೆ ಮುಗಿಯಿತು, ಹದಿನಾಲ್ಕು ದಿನ ನ್ಯಾಯಾಂಗ ಬಂಧನ. ಈಗಂತೂ ಬಂಧನ ವಿಸ್ತರಣೆ ಜೈಲಿನಿಂದಲೇ ವಿಡಿಯೊ ಮೂಲಕ ನಡೆಯುತ್ತದೆ. ಆ ಪುಟ್ಟ ಪರದೆಯಲ್ಲಿ ಬೌದ್ಧಿಕ ನ್ಯೂನತೆ ಯಾರಿಗೂ ಕಾಣುವುದಿಲ್ಲ.

ಆದ್ದರಿಂದ ಬಾಯಿಮಾತಿನಲ್ಲಿ ಹೇಳಬೇಡಿ, ಬರೆದ ಅರ್ಜಿ ಹಾಕಿಸಿ. ದೋಷಾರೋಪ ಪಟ್ಟಿ ಬರಲಿ ಎಂದು ಕಾಯಬೇಡಿ. ಆರೋಪಿಯನ್ನು ಖುದ್ದಾಗಿ ಹಾಜರುಪಡಿಸುವಂತೆ ಕೇಳಿ. ವೈದ್ಯರು ‘ಚಿತ್ತಸ್ವಾಸ್ಥ್ಯ ಸರಿಯಿದೆ’ ಎಂದುಬಿಟ್ಟರೂ ಅಲ್ಲಿಗೆ ಮುಗಿಯುವುದಿಲ್ಲ. ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಇದೆ. ಅಲ್ಲೂ ಆಗದಿದ್ದರೆ ಸುರಕ್ಷಾ ಸಂಹಿತೆಯ 357 ಇದೆ, ವಕೀಲರೂ ಅದನ್ನು ಮರೆಯುತ್ತಾರೆ: ಚಿತ್ತಸ್ವಾಸ್ಥ್ಯ ಇದ್ದರೂ ಕೋರ್ಟಿನ ನಡವಳಿ ಅರ್ಥವಾಗದ ಆರೋಪಿಗೆ ಶಿಕ್ಷೆ ವಿಧಿಸುವ ಹಂತ ಬಂದರೆ ಕಡತ ಹೈಕೋರ್ಟಿಗೆ ಹೋಗಿ ಅಲ್ಲಿಂದಲೇ ಆದೇಶವಾಗಬೇಕು.

ಮನೆಯವರು ಬೆನ್ನು ಹತ್ತದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಮಾಚಾಂಗ್ ಲಾಲುಂಗ್ ಸಾಕು. 1951ರಲ್ಲಿ ಹಿಡಿದರು, ಮಾನಸಿಕ ಆಸ್ಪತ್ರೆಗೆ ಸೇರಿಸಿದರು, ಮರೆತರು. 2005ರಲ್ಲಿ ಹೊರಗೆ ಬಂದಾಗ ಐವತ್ತನಾಲ್ಕು ವರ್ಷ ಕಳೆದಿತ್ತು, ಒಂದು ದಿನವೂ ವಿಚಾರಣೆ ನಡೆದಿರಲಿಲ್ಲ. ಕರಿಮೆಣಸು ಅವರ ‘ಚೀಟಿ ತಂದು ತಪ್ಪಿಸಿಕೊಳ್ಳುವವರು’ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ವಿಚಾರಣೆ ನಡೆದು ನ್ಯಾಯ ಸಂಹಿತೆಯ 22ರಡಿ ಖುಲಾಸೆಯಾದವನೂ ಅದೇ ಸಂಜೆ ಬಸ್ ಹತ್ತುವುದಿಲ್ಲ. ಸುರಕ್ಷಾ ಸಂಹಿತೆಯ 374ರಂತೆ ಸುರಕ್ಷಿತ ಬಂಧನಕ್ಕೆ ಕಳಿಸಬಹುದು, ಇಲ್ಲವೇ ಭದ್ರತೆ ಪಡೆದು ಸಂಬಂಧಿಗೆ ಒಪ್ಪಿಸಬಹುದು.

ತುಂಗೆಯ ದಡದವಳು

ನಿಜ. ನಮ್ಮ ತಮ್ಮನಿಗೂ ಹಾಗೆಯೇ ಆಯಿತು. ಖುಲಾಸೆ ಎಂದು ಓದಿದ ಮೇಲೆ ಅಪ್ಪ ಬಾಂಡ್ ಬರೆದುಕೊಟ್ಟು ಕರೆತಂದರು. ಈಗಲೂ ಮಾತ್ರೆ ನುಂಗಿದನೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ನಮ್ಮ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರಿಗಾಗಿ ಸಮುದಾಯ ಕಾರ್ಯಕ್ರಮ ನಡೆಸಿಕೊಂಡು ಬಂದಿದ್ದರಿಂದ ಹಳ್ಳಿಯ ಆಶಾ ಕಾರ್ಯಕರ್ತೆಗೂ ಈ ಕಾಯಿಲೆಯ ಹೆಸರು ಗೊತ್ತಿದೆ. ಎಲ್ಲ ಕಡೆ ಆ ಭಾಗ್ಯ ಇಲ್ಲ.

ವಾರ್ಡಿನ ಅಕ್ಕ

ಹೊಳೆಯಾಚೆಯವರೇ, ದಾಖಲೆ ಎಂದರೆ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಒಂದೇ ಅಲ್ಲ. ಅಂಗವಿಕಲರ ಮಾಸಾಶನ ಬರುತ್ತಿದೆಯೇ? ಬರುತ್ತಿದ್ದರೆ ತಹಶೀಲ್ದಾರರ ಮಂಜೂರಾತಿ ಆದೇಶ ಹುಡುಕಿ. ಶಾಲೆಯ ದಾಖಲೆ, ಬಾಲ್ಯದಲ್ಲಿ ಫಿಟ್ಸ್ ಬಂದು ತೋರಿಸಿದ್ದರೆ ಆ ಚೀಟಿ, ಎಲ್ಲ ಬೇಕು. ಐಕ್ಯೂ ಪರೀಕ್ಷೆಯ ಜೊತೆಗೆ ದಿನನಿತ್ಯದ ಕೆಲಸಗಳ ಅಳತೆಯನ್ನೂ ಕೇಳಿ ಮಾಡಿಸಿ. ನಿಮ್ಮ ಐನೂರರ ನೋಟಿನ ಸಂಗತಿಯನ್ನು ಮನಶ್ಶಾಸ್ತ್ರಜ್ಞರಿಗೆ ತಪ್ಪದೆ ಹೇಳಿ.

ವಕೀಲರಿಗೆ ಒಂದು ಅನುಮಾನ. ಮುಚ್ಚಳಿಕೆಯಲ್ಲಿ ‘ಮನೋವೈದ್ಯಕೀಯ ಚಿಕಿತ್ಸೆ’ ಎಂದು ಬರೆಯಬೇಕೆಂದಿರಿ. ಈ ನ್ಯೂನತೆಗೆ ಮಾತ್ರೆಯೇ ಇಲ್ಲವಲ್ಲ. ಕಾನೂನು ಬರೆದವರು ಎರಡನ್ನೂ ಒಂದೇ ಬುಟ್ಟಿಗೆ ಹಾಕಿದಂತಿದೆ.

ಸಾಗರ ಕಡೆಯ ವಕೀಲೆ

ಒಂದೇ ಬುಟ್ಟಿಗೇ ಹಾಕಿದ್ದಾರೆ, ಏನು ಮಾಡುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಶಿಬಿರಕ್ಕೆ ಕರೆದೊಯ್ದು ತೋರಿಸುತ್ತೇವೆ, ವೈದ್ಯರ ಸಲಹೆ ಪಾಲಿಸುತ್ತೇವೆ ಎಂದು ಬರೆದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹೊಳೆಯಾಚೆ ಮನೆ

ಎಲ್ಲರಿಗೂ ಋಣಿ. ಚಿಕ್ಕಪ್ಪನನ್ನು ಕೂರಿಸಿ ಇದನ್ನೆಲ್ಲ ಓದಿ ಹೇಳಿದೆ. ವಿಮಾನ ಓಡಿಸಿದ ಭಾಗಕ್ಕೆ ಬಂದಾಗ ನಕ್ಕರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ತಪ್ಪೊಪ್ಪಿಗೆಯ ಮಾತು ಬಿಟ್ಟಿದ್ದಾರೆ. ಕಾನೂನು ಸೇವಾ ಸಮಿತಿಯಿಂದ ಒಬ್ಬ ಯುವ ವಕೀಲರು ಸಿಕ್ಕಿ ಅರ್ಜಿ ಹಾಕಿದ್ದಾರೆ. ನ್ಯಾಯಾಧೀಶರು ಹುಡುಗನನ್ನು ಖುದ್ದಾಗಿ ಕರೆಸಿ ನೋಡಿ, ವೈದ್ಯಕೀಯ ಪರೀಕ್ಷೆಗೆ ಆದೇಶ ಮಾಡಿದ್ದಾರೆ. ಮಾಸಾಶನದ ಆದೇಶ ಸಿಕ್ಕಿದೆ.

ಒಂದು ತೊಡಕು. ಮುಚ್ಚಳಿಕೆ ಬರೆಯಲು ಚಿಕ್ಕಪ್ಪನಿಗೆ ವಯಸ್ಸಾಗಿದೆ, ಮಂಡಿನೋವು. ನಾನು ಇರುವುದು ಬೆಂಗಳೂರಿನಲ್ಲಿ. ಡೇರಿಯ ಕಾರ್ಯದರ್ಶಿ ತಾನಾಗಿ ಮುಂದೆ ಬಂದು, “ದಿನಾ ಬೆಳಿಗ್ಗೆ ನನ್ನ ಕಣ್ಣೆದುರೇ ಇರುತ್ತಾನಲ್ಲ, ನಾನು ಬರೆದುಕೊಡುತ್ತೇನೆ” ಎನ್ನುತ್ತಿದ್ದಾರೆ. ನೆಂಟರಲ್ಲ. ನಡೆಯುತ್ತದೆಯೇ?

ಸಾಗರ ಕಡೆಯ ವಕೀಲೆ

ನಡೆಯುತ್ತದೆ. ಕಾನೂನಿನಲ್ಲಿ ‘ಸ್ನೇಹಿತ ಅಥವಾ ಸಂಬಂಧಿ’ ಎಂದೇ ಇದೆ. ಚಿಕ್ಕಪ್ಪನ ಒಪ್ಪಿಗೆಯನ್ನೂ ಜೊತೆಗೆ ಕೊಡಿ.

ನಿವೃತ್ತ ಶಿರಸ್ತೇದಾರ

ಭದ್ರತೆ ಕೇಳಿದರೆ ಕಾರ್ಯದರ್ಶಿಯವರ ಹೊಸ ಪಹಣಿ, ಆಧಾರ್, ಎರಡು ಫೋಟೊ ಬೇಕಾಗುತ್ತದೆ. ಪಹಣಿಯಲ್ಲಿ ಜಂಟಿ ಹೆಸರಿದ್ದರೆ ಈಗಲೇ ವಕೀಲರಿಗೆ ತಿಳಿಸಿ, ಆ ದಿನ ಮಧ್ಯಾಹ್ನ ಕಚೇರಿಯಲ್ಲಿ ತಕರಾರು ತೆಗೆಯುತ್ತಾರೆ.

ಕರಿಮೆಣಸು

ಓಡಿಹೋದ ಇಬ್ಬರ ಸುಳಿವು ಸಿಕ್ಕಿತೇ? ಬೇರೆಯವರ ಅಡಿಕೆ ತಂದು ಮಾರುವವರನ್ನು ನಮ್ಮ ಕಡೆಯ ವ್ಯಾಪಾರಿಗಳು ಗುರುತು ಹಿಡಿಯುತ್ತಾರೆ. ವಿಚಾರಿಸಿ ನೋಡುತ್ತೇನೆ, ಗಾಡಿ ಯಾವುದೆಂದು ಖಾಸಗಿಯಾಗಿ ಬರೆಯಿರಿ.